ಚೆಕ್‌ರೋಲ್‌ನಲ್ಲಿದ್ದ ಶೇಕಡಾ: ಮೆಣಸು ಕೊಯ್ಯುವವರೊಬ್ಬರ ಅಪಘಾತ ಪರಿಹಾರ ಪ್ರಕರಣ

ಈ ಪ್ರಕರಣದಲ್ಲಿ ನಾನು ಅರ್ಜಿದಾರರ ಪರ ವಕೀಲೆ. ಕಕ್ಷಿದಾರರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ತೋಟ, ಊರು, ವಿಮಾ ಕಂಪನಿ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗಾಯಾಳುವಿನ ಪರಿಹಾರದ ಮೊಕದ್ದಮೆ ನಡೆಸುವ ಕಿರಿಯ ವಕೀಲರಿಗೆ ಮತ್ತು ಇಂಥ ಮೊಕದ್ದಮೆಯಲ್ಲಿ ಸಿಕ್ಕಿಕೊಂಡ ಕುಟುಂಬಗಳಿಗೆ ಯಾವ ಹಂತದಲ್ಲಿ ಏನು ತೀರ್ಮಾನಿಸಿದೆವು, ಏಕೆ ತೀರ್ಮಾನಿಸಿದೆವು ಎಂಬುದು ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಅರ್ಜಿದಾರರಿಗೆ ಆಗ 34 ವರ್ಷ. ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆ) ಹುಟ್ಟಿ, ಅಲ್ಲೇ ಮದುವೆಯಾಗಿ, ಎರಡು ಮಕ್ಕಳ ತಂದೆಯಾದವರು. ತೋಟದಲ್ಲಿ ಎಲ್ಲ ಕೆಲಸ ಮಾಡುತ್ತಿದ್ದರೂ ಅವರಿಗೆ ಹೆಸರು ಬಂದದ್ದು ಏಣಿ ಕೆಲಸದಿಂದ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೆಣಸು ಕೊಯ್ಲು, ಮಳೆಗೆ ಮುಂಚೆ ಮರ ಕಪಾತು (ಕೊಂಬೆ ಸವರುವುದು), ನಡುವೆ ಬಳ್ಳಿ ಕಟ್ಟುವುದು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಯ ತುದಿಯಲ್ಲೂ ಗೊಂಚಲು ಬಿಡದೆ ಕೊಯ್ಯುವವರು ಒಂದು ತೋಟದಲ್ಲಿ ನಾಲ್ಕೈದು ಮಂದಿ ಸಿಕ್ಕರೆ ಹೆಚ್ಚು. ಅವರಿಗೆ ಕೂಲಿಯೂ ಬೇರೆ.

2019ರ ಫೆಬ್ರುವರಿಯ ಒಂದು ಬೆಳಗ್ಗೆ ಕೂಲಿಯಾಳುಗಳನ್ನು ಒದಗಿಸುವ ಮೇಸ್ತ್ರಿ ತನ್ನ ಪಿಕಪ್‌ನಲ್ಲಿ ಒಂಬತ್ತು ಜನರನ್ನು ಕೂರಿಸಿ ಇನ್ನೊಂದು ತೋಟಕ್ಕೆ ಮೆಣಸು ಕೊಯ್ಯಲು ಕಳಿಸಿದರು. ಸ್ಥಳ ಮಡಿಕೇರಿಯಿಂದ ಸೋಮವಾರಪೇಟೆ ಕಡೆಗೆ ಹೋಗುವ ದಾರಿಯ ಒಂದು ಏರು. ಅದರ ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ಭಾಗದ ರಸ್ತೆ ಏನಾಗಿತ್ತೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆರು ತಿಂಗಳಾದರೂ ಕಣಿವೆಯ ಬದಿಗೆ ಮರಳು ಮೂಟೆ ಒಟ್ಟಿ, ಉಳಿದ ಅರ್ಧದಲ್ಲಿ ವಾಹನ ಬಿಡುತ್ತಿದ್ದ ಜಾಗಗಳು ಹಲವು ಇದ್ದವು. ಅಂಥ ಒಂದು ಜಾಗದಲ್ಲಿ ಏರು ಹತ್ತುತ್ತಿದ್ದ ಪಿಕಪ್‌ಗೆ ಎದುರಿನಿಂದ ಇಳಿದು ಬಂದ ಪ್ರವಾಸಿಗರ ಕಾರು ಡಿಕ್ಕಿ ಹೊಡೆಯಿತು. ಪಿಕಪ್ ಮೂಟೆಗಳ ಮೇಲೆ ಮಗುಚಿತು. ಉಳಿದವರಿಗೆ ತರಚು ಗಾಯ, ಒಬ್ಬರಿಗೆ ಭುಜ ಜಾರಿತ್ತು. ನಮ್ಮ ಅರ್ಜಿದಾರರ ಬಲಗಾಲು ಪಿಕಪ್‌ನ ಹಿಂಬಾಗಿಲಿನ ಕೆಳಗೆ ಸಿಕ್ಕಿಕೊಂಡಿತು. ಪಾದದ ಗಂಟಿನ ಹತ್ತಿರ ಎರಡೂ ಮೂಳೆ ಪುಡಿಯಾಗಿದ್ದವು. ಮಡಿಕೇರಿಯಲ್ಲಿ ಪ್ರಥಮ ಚಿಕಿತ್ಸೆ, ಆಮೇಲೆ ಮೈಸೂರಿನಲ್ಲಿ ಎರಡು ಶಸ್ತ್ರಚಿಕಿತ್ಸೆ, ಪ್ಲೇಟು, ಸ್ಕ್ರೂ. ಬಿಲ್ಲು 2,18,460 ರೂಪಾಯಿ. ಅದರಲ್ಲಿ 1.6 ಲಕ್ಷ ಮೇಸ್ತ್ರಿಯಿಂದ ಮಾಡಿದ ಸಾಲ.

ಮೊದಲ ತೊಡಕುಗಳು

ಅವರು ನನ್ನ ಹತ್ತಿರ ಬಂದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಕಾಗದಗಳೆಲ್ಲ ನಮಗೆ ವಿರುದ್ಧವಾಗಿ ತಯಾರಾಗಿದ್ದವು. ಗಾಯಾಳುಗಳೆಲ್ಲ ಆಸ್ಪತ್ರೆಯಲ್ಲಿದ್ದಾಗ ಠಾಣೆಗೆ ಮೊದಲು ಹೋದವರು ಕಾರಿನವರು. ಪಿಕಪ್ ಚಾಲಕ ಅತಿವೇಗದಿಂದ ತನ್ನ ಬದಿ ಬಿಟ್ಟು ಬಂದ ಎಂಬ ಅವರ ದೂರಿನ ಮೇಲೆಯೇ ಎಫ್‌ಐಆರ್ ಆಗಿತ್ತು. ಸ್ಥಳ ಮಹಜರಿನ ನಕ್ಷೆಯೂ ಅದಕ್ಕೆ ಹೊಂದುವಂತೆ ಇತ್ತು: ಡಾಂಬರು ರಸ್ತೆಯ ಅಗಲ 5.5 ಮೀಟರ್, ಡಿಕ್ಕಿಯಾದ ಜಾಗ ನಡುಗೆರೆಯಿಂದ ಪಿಕಪ್‌ನ ಬಲಕ್ಕೆ. ದೋಷಾರೋಪ ಪಟ್ಟಿಯಲ್ಲಿ ಆರೋಪಿ ಪಿಕಪ್ ಚಾಲಕ ಒಬ್ಬನೇ.

ಪಿಕಪ್ ಸರಕು ವಾಹನ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕರಾಗಿ ಹೋದವರ ಹೊಣೆಯನ್ನು ಆ ವಾಹನದ ವಿಮೆ ಹೊರುವುದಿಲ್ಲ. ಅಂದರೆ ತಪ್ಪು ಪೂರ್ತಿ ಪಿಕಪ್‌ನದೇ ಎಂದು ಸಾಬೀತಾದರೆ ಪರಿಹಾರ ಕೊಡಬೇಕಾದವರು ಮೇಸ್ತ್ರಿ. ಅವರ ಹತ್ತಿರ ಇದ್ದದ್ದು ಆ ಜಖಂ ಆದ ಪಿಕಪ್ ಮಾತ್ರ. ತೀರ್ಪು ಗೆದ್ದರೂ ಕೈಗೆ ಕಾಸು ಸಿಗದ ಪರಿಸ್ಥಿತಿ.

ಇಲ್ಲಿ ಒಬ್ಬ ಹಿರಿಯರು ನನಗೊಂದು ದಾರಿ ತೋರಿಸಿದರು. 1994ರ ತಿದ್ದುಪಡಿಯ ನಂತರ, ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಪ್ರಯಾಣಿಸುತ್ತಿದ್ದರೆ ವಿಮೆ ಅನ್ವಯಿಸುತ್ತದೆ. "ಗಾಡಿಯಲ್ಲಿ ಏಣಿ, ಗೋಣಿಚೀಲ ಇತ್ತಲ್ಲ, ಅದನ್ನೇ ಸರಕು ಅಂತ ಬರೆಯಿರಿ" ಎಂದರು. ಹಲವು ಅರ್ಜಿಗಳಲ್ಲಿ ಹಾಗೆ ಬರೆಯುವುದುಂಟು. ನಾನು ಬರೆಯಲಿಲ್ಲ. ಅದು ನಿಜವಲ್ಲ ಎಂಬುದು ಮೊದಲ ಕಾರಣ. ಎರಡನೆಯದು, ಆ ಮಾತು ನಿಲ್ಲುವುದಿಲ್ಲ. ಕೂಲಿಯಾಳಿನ ಕೈಯ ಏಣಿ ಅವನ ಹತಾರ, ಸಾಗಿಸುವ ಸರಕಲ್ಲ. ಪಾಟಿ ಸವಾಲಿನಲ್ಲಿ ಆ ಒಂದು ಮಾತು ಮುರಿದು ಬಿದ್ದರೆ ಕಕ್ಷಿದಾರರ ಉಳಿದ ನಿಜವೂ ಅದರ ಜೊತೆ ಹೋಗುತ್ತದೆ. ಈ ಮೊಕದ್ದಮೆಯಲ್ಲಿ ಅವರ ಮಾತಿನ ನಂಬಿಕೆಯೇ ನಮ್ಮ ದೊಡ್ಡ ಆಸ್ತಿ ಎಂದು ನನಗೆ ಮೊದಲ ದಿನವೇ ಅನಿಸಿತ್ತು.

ಎರಡು ದಾರಿಗಳಲ್ಲಿ ಒಂದು

ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಇಂಥ ಕಾರ್ಮಿಕರು ಆಗ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕಿತ್ತು: ಅಪಘಾತ ಪರಿಹಾರ ನ್ಯಾಯಮಂಡಳಿ, ಇಲ್ಲವೇ 1923ರ ನೌಕರರ ಪರಿಹಾರ ಕಾಯ್ದೆ. ಆರಿಸಿದ ಮೇಲೆ ಹಿಂದಿರುಗುವಂತಿರಲಿಲ್ಲ.

ನೌಕರರ ಪರಿಹಾರ ಕಾಯ್ದೆಯಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ಗೋಜಿರಲಿಲ್ಲ, ಬಡ್ಡಿಯೂ ಶೇ. 12 ಇತ್ತು. ಆದರೆ ಅಪಘಾತದ ದಿನ ಆ ಕಾಯ್ದೆಯಡಿ ಲೆಕ್ಕಕ್ಕೆ ತೆಗೆದುಕೊಳ್ಳುವ ತಿಂಗಳ ಕೂಲಿಯ ಮಿತಿ 8,000 ರೂಪಾಯಿ (2020ರ ಜನವರಿಯಿಂದ ಅದು 15,000 ಆಯಿತು). ಅದರ ಶೇ. 60 ಎಂದರೆ 4,800. ವಯಸ್ಸಿಗೆ ತಕ್ಕಂತೆ ಗುಣಿಸಲು ಅನುಸೂಚಿಯಲ್ಲಿ ಕೊಟ್ಟ ಅಂಶ 34 ವರ್ಷಕ್ಕೆ 199.40. ಗುಣಿಸಿದರೆ 9,57,120. ಗಳಿಕೆಯ ಸಾಮರ್ಥ್ಯ ಶೇ. 45ರಷ್ಟು ಹೋಗಿದೆ ಎಂದು ಒಪ್ಪಿಸಿದರೂ ಕೈಗೆ ಬರುವುದು 4.30 ಲಕ್ಷ. ಜೊತೆಗೆ, ಇವರ ಮಾಲೀಕ ಮೇಸ್ತ್ರಿಯೋ ತೋಟವೋ ಎಂಬ ತಕರಾರು ಖಂಡಿತ ಬರುತ್ತಿತ್ತು, ಏಕೆಂದರೆ ಹಾಜರಿ ತೋಟದ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಮತ್ತು ಕೂಲಿ ಬರೆಯುವ ಪುಸ್ತಕದಲ್ಲಿ, ಇತ್ತು.

ನ್ಯಾಯಮಂಡಳಿಯ ದಾರಿಯಲ್ಲಿ ಮೊತ್ತ ದೊಡ್ಡದು, ಅಪಾಯವೂ ದೊಡ್ಡದು. ಅಲ್ಲಿ ಕಾರಿನ ಚಾಲಕನ ತಪ್ಪು ಒಂದಿಷ್ಟಾದರೂ ಇದೆ ಎಂದು ತೋರಿಸಲೇಬೇಕು. ತೋರಿಸಿದರೆ ಬಾಗಿಲು ತೆರೆಯುತ್ತದೆ, ಏಕೆಂದರೆ 2015ರ ಖೆನ್ಯೇಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಇಬ್ಬರು ಚಾಲಕರ ತಪ್ಪು ಸೇರಿ ಮೂರನೆಯವರಿಗೆ ಪೆಟ್ಟಾದಾಗ ಆ ಮೂರನೆಯವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ವಸೂಲಿ ಮಾಡಬಹುದು. ಪಾಲು ಹಂಚಿಕೊಳ್ಳುವುದು ಅವರವರ ಕೆಲಸ. ಕಾರಿಗೆ ವಿಮೆ ಇತ್ತು, ಕಾರಿನ ಮಟ್ಟಿಗೆ ನಮ್ಮವರು ಮೂರನೆಯ ವ್ಯಕ್ತಿ. ಹಾಗಾಗಿ ಪಿಕಪ್‌ನ ಚಾಲಕ, ಮಾಲೀಕ, ವಿಮಾ ಕಂಪನಿಯ ಜೊತೆಗೆ ಕಾರಿನ ಚಾಲಕ, ಮಾಲೀಕ, ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ 2019ರ ಜೂನ್‌ನಲ್ಲಿ 166ನೇ ಕಲಂ ಅಡಿ ಅರ್ಜಿ ಹಾಕಿದೆವು.

ಆ ಅರ್ಜಿಯಲ್ಲಿ ನಾನೊಂದು ತಪ್ಪು ಮಾಡಿದೆ. ತಿಂಗಳ ಆದಾಯ 18,000 ಎಂದು ಬರೆದೆ. ಏಣಿ ಕೆಲಸದ ದಿನಕ್ಕೆ 900 ಸಿಗುತ್ತದೆ ಎಂದು ಅವರು ಹೇಳಿದ್ದನ್ನು ಇಪ್ಪತ್ತು ದಿನಕ್ಕೆ ಗುಣಿಸಿಬಿಟ್ಟಿದ್ದೆ. ವರ್ಷವಿಡೀ ಏಣಿ ಕೆಲಸ ಇರುವುದಿಲ್ಲ ಎಂದು ಈ ಜಿಲ್ಲೆಯಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಚೆಕ್‌ರೋಲ್ ನೋಡಿದ ಮೇಲೆ ತಿದ್ದುಪಡಿ ಅರ್ಜಿ ಹಾಕಿ ಸರಿಮಾಡಿದರೂ, "ಮೊದಲು ಸುಳ್ಳು ಬರೆದಿರಿ ಅಲ್ಲವೇ" ಎಂಬ ಪ್ರಶ್ನೆಯನ್ನು ಕಕ್ಷಿದಾರರು ಕಟಕಟೆಯಲ್ಲಿ ಎದುರಿಸಬೇಕಾಯಿತು. ತಪ್ಪು ನನ್ನದು, ತಲೆ ತಗ್ಗಿಸಿದವರು ಅವರು.

ಮರಳು ಮೂಟೆ

ಮಹಜರಿನ ನಕ್ಷೆಯನ್ನು ಎಷ್ಟು ಸಲ ನೋಡಿದೆನೋ. ಪಿಕಪ್ ನಡುಗೆರೆ ದಾಟಿದ್ದು ಅಳತೆಯಲ್ಲಿ ನಿಜವೇ ಆಗಿತ್ತು. ಒಂದು ದಿನ ಅರ್ಜಿದಾರರ ಹೆಂಡತಿ ಕಚೇರಿಯಲ್ಲಿ ಕೂತು ನಕ್ಷೆ ನೋಡುತ್ತ ಕೇಳಿದರು: "ಮೇಡಂ, ಮೂಟೆ ಎಲ್ಲಿ ಇದರಲ್ಲಿ?"

ಮೂಟೆ ಇರಲಿಲ್ಲ. ನಕ್ಷೆ ಬರೆದವರು ಡಾಂಬರಿನ ಅಗಲ ಅಳೆದು, ಅದರ ಮಧ್ಯಕ್ಕೆ ಗೆರೆ ಎಳೆದಿದ್ದರು. ಕಣಿವೆಯ ಬದಿಯ 1.7 ಮೀಟರ್ ಜಾಗವನ್ನು ಮೂಟೆಗಳು ತಿಂದಿದ್ದವು. ಅದು ಏರು ಹತ್ತುವವರ ಎಡಬದಿ. ಉಳಿದ 3.8 ಮೀಟರ್‌ನಲ್ಲಿ ಹೋಗುವ ಯಾವ ಪಿಕಪ್ ಆದರೂ ನಕ್ಷೆಯ ನಡುಗೆರೆಯನ್ನು ದಾಟಲೇಬೇಕು. ಪಿಕಪ್ ತಪ್ಪು ಬದಿಗೆ ಹೋದದ್ದಲ್ಲ, ಅದಕ್ಕೆ ಉಳಿದಿದ್ದ ಬದಿಯೇ ಅದೊಂದು.

ಎರಡು ವಾಹನ ಒಟ್ಟಿಗೆ ಹಾಯಲಾಗದ ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಘಟ್ಟದ ಚಾಲಕರಿಗೆ ಇದು ಪುಸ್ತಕ ಓದಿ ತಿಳಿದ ವಿಷಯವಲ್ಲ. ಏರಿನಲ್ಲಿ ನಿಲ್ಲಿಸಿದ ಭಾರದ ಗಾಡಿಯನ್ನು ಮತ್ತೆ ಎತ್ತುವ ಕಷ್ಟ ಅವರಿಗೆ ಗೊತ್ತು. ಆದರೆ ಅದು ಕಾನೂನು ಕೂಡ ಹೌದು. 1989ರ ರಸ್ತೆ ನಿಯಮಗಳಲ್ಲೇ ಇದ್ದ ಈ ಕಟ್ಟಳೆ 2017ರ ಚಾಲನಾ ನಿಯಮಾವಳಿಯಲ್ಲೂ ಉಳಿದಿದೆ. ಮೂಟೆ ಇದ್ದವೆಂದು ಸಾಬೀತಾದರೆ ರಸ್ತೆ ಇಕ್ಕಟ್ಟು, ರಸ್ತೆ ಇಕ್ಕಟ್ಟಾದರೆ ಕಾರು ನಿಲ್ಲಬೇಕಿತ್ತು.

ಆದರೆ ನಾವು ಹೋಗಿ ನೋಡುವಷ್ಟರಲ್ಲಿ ತಡೆಗೋಡೆ ಕಟ್ಟಿ ರಸ್ತೆ ಸರಿಮಾಡಿದ್ದರು. ಮೂಟೆಯ ಗುರುತೂ ಇರಲಿಲ್ಲ. ಆಗ ಮಾಹಿತಿ ಹಕ್ಕಿನಡಿ ಲೋಕೋಪಯೋಗಿ ಇಲಾಖೆಗೆ ಅರ್ಜಿ ಹಾಕಿದೆವು. ಆ ಭಾಗದ ತಾತ್ಕಾಲಿಕ ದುರಸ್ತಿಯ ಅಳತೆ, ಮೂಟೆಗಳ ಸಂಖ್ಯೆ, ಶಾಶ್ವತ ಕಾಮಗಾರಿ ಶುರುವಾದ ತಾರೀಖು ಎಲ್ಲದರ ದೃಢೀಕೃತ ಪ್ರತಿ ಬಂತು. ಪಿಕಪ್‌ನಲ್ಲಿದ್ದ ಇನ್ನೊಬ್ಬ ಹುಡುಗನ ಮೊಬೈಲಿನಲ್ಲಿ ಅಪಘಾತವಾದ ಹತ್ತು ನಿಮಿಷದೊಳಗೆ ತೆಗೆದ ಎರಡು ಫೋಟೊ ಇದ್ದವು. ವಿದ್ಯುನ್ಮಾನ ದಾಖಲೆಗೆ ಬೇಕಾಗಿದ್ದ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜೊತೆ ಅವನ್ನು ಹಾಜರುಪಡಿಸಿದೆವು. ಆಮೇಲೆ ತನಿಖಾಧಿಕಾರಿಯನ್ನು ನಾವೇ ಸಾಕ್ಷಿಯಾಗಿ ಕರೆಸಿದೆವು. ಎದುರಾಳಿಗೆ ಅನುಕೂಲವಾದ ದೋಷಾರೋಪ ಪಟ್ಟಿ ಬರೆದವರನ್ನು ನಾವೇ ಕರೆಯುವುದು ಸರಿಯೇ ಎಂದು ಎರಡು ರಾತ್ರಿ ಯೋಚಿಸಿದ್ದೆ. ಅವರು ನೇರ ಮನುಷ್ಯ. ಮೂಟೆ ಇದ್ದವೇ ಎಂದು ಕೇಳಿದರೆ ಇದ್ದವು ಎಂದರು. ನಕ್ಷೆಯಲ್ಲಿ ಏಕಿಲ್ಲ ಎಂದರೆ, "ಡಾಂಬರು ಅಳತೆ ಮಾತ್ರ ಬರೆದೆ, ಅದು ಬರೆಯಬೇಕು ಅಂತ ಆಗ ಹೊಳೆಯಲಿಲ್ಲ" ಎಂದರು. ಕಾರಿನ ವಿಮಾ ಕಂಪನಿಯ ವಕೀಲರು ಅವರನ್ನು ಹೆಚ್ಚು ಕೆದಕಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಅಪಾಯ ಬಂದಿತ್ತು. ಪಿಕಪ್ ಚಾಲಕನಿಗೆ ಯಾರೋ ಕ್ರಿಮಿನಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಓಡಾಟ ತಪ್ಪುತ್ತದೆ ಎಂದು ಹೇಳಿದ್ದರು. ಬಡ ಚಾಲಕರು ಎಷ್ಟೋ ಮಂದಿ ಹಾಗೇ ಮಾಡುತ್ತಾರೆ. ಆ ತಪ್ಪೊಪ್ಪಿಗೆಯ ಪ್ರತಿ ನಮ್ಮ ಕಡತಕ್ಕೆ ಬಂದರೆ ಮೂಟೆಯ ವಾದವೆಲ್ಲ ಅರ್ಧ ಬಲ ಕಳೆದುಕೊಳ್ಳುತ್ತಿತ್ತು. ಅವನು ನಮ್ಮ ಅರ್ಜಿಯಲ್ಲಿ ಎದುರುದಾರ, ನಾನು ಅವನಿಗೆ ಸಲಹೆ ಕೊಡುವಂತಿಲ್ಲ. "ನಿನ್ನ ಕೇಸಿಗೆ ಬೇರೆ ವಕೀಲರನ್ನು ಹಿಡಿ, ಅವರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡ, ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ದುಡ್ಡಿಲ್ಲದೆ ವಕೀಲರು ಸಿಗುತ್ತಾರೆ" ಎಂದಷ್ಟೇ ಹೇಳಿ ಕಳಿಸಿದೆ. ಅವನು ಹೋದ. ಮೊಕದ್ದಮೆ ಎದುರಿಸಿದ.

ಏಣಿ ಮತ್ತು ಚೆಕ್‌ರೋಲ್

ಹೊಣೆ ಯಾರದು ಎಂಬುದರಷ್ಟೇ ಕಷ್ಟದ್ದು ನಷ್ಟ ಎಷ್ಟು ಎಂಬುದು. ಗಾಯದ ಪ್ರಕರಣಗಳಲ್ಲಿ ನಾವು ವಕೀಲರು ಹೆಚ್ಚಾಗಿ ಸೋಲುವುದು ಇಲ್ಲೇ. ವೈದ್ಯರು ಕೊಟ್ಟ ಶೇಕಡಾವನ್ನು ಹಾಗೇ ಎತ್ತಿ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಒಂದು ಅಂಗದ ಊನ ಬೇರೆ, ಇಡೀ ದೇಹದ ಊನ ಬೇರೆ, ಗಳಿಕೆಯ ಸಾಮರ್ಥ್ಯದ ನಷ್ಟ ಇವೆರಡಕ್ಕೂ ಬೇರೆ. ಮೊದಲೆರಡನ್ನು ವೈದ್ಯರು ಹೇಳಬಹುದು. ಮೂರನೆಯದನ್ನು ನ್ಯಾಯಮಂಡಳಿ ತೀರ್ಮಾನಿಸಬೇಕು, ಅದಕ್ಕೆ ಆ ಮನುಷ್ಯ ಮೊದಲು ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂಬ ಸಾಕ್ಷ್ಯ ಬೇಕು. ಚಿಕಿತ್ಸೆಯನ್ನೇ ಕೊಡದ ವೈದ್ಯರಿಂದ ಸಿದ್ಧ ಪ್ರಮಾಣಪತ್ರ ತರುವುದರ ವಿರುದ್ಧವೂ ಆ ತೀರ್ಪು ಎಚ್ಚರಿಸಿದೆ.

ಹಾಗಾಗಿ ಸ್ಥಳೀಯವಾಗಿ ಸುಲಭಕ್ಕೆ ಸಿಗುತ್ತಿದ್ದ ಪ್ರಮಾಣಪತ್ರ ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗಾಗಿ ಕಾದೆವು. ಅವರಿಗೆ ಮಡಿಕೇರಿಗೆ ಬರಲು ಪುರುಸೊತ್ತಿಲ್ಲ. ಕೊನೆಗೆ ಕೋರ್ಟ್ ಕಮಿಷನರ್ ಮೂಲಕ ಮೈಸೂರಿನಲ್ಲೇ ಅವರ ಹೇಳಿಕೆ ದಾಖಲಿಸಲು ಅನುಮತಿ ಸಿಕ್ಕಿತು. ನಡುವೆ ಕೊರೋನಾ ಬಂದು ಎಲ್ಲ ನಿಂತದ್ದರಿಂದ ಅದಕ್ಕೇ ಒಂದು ವರ್ಷ ಹೋಯಿತು.

ವೈದ್ಯರ ಅಳತೆ: ಬಲಗಾಲಿಗೆ ಶೇ. 42, ಇಡೀ ದೇಹಕ್ಕೆ ಶೇ. 14. ವಿಮಾ ಕಂಪನಿಗೆ ಬೇಕಾದದ್ದು ಆ 14. ನಾನು ಶೇಕಡಾದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಅದಕ್ಕೆ ಬದಲು ಒಂದು ಫೋಟೊ ತೋರಿಸಿದೆ.

ಮೆಣಸು ಕೊಯ್ಯುವ ಒಂಟಿ ಏಣಿಯನ್ನು ಹತ್ತಿರದಿಂದ ನೋಡದವರಿಗೆ ಹೇಳಬೇಕು. ಅದು ಒಂದೇ ಬಿದಿರು. ಗಿಣ್ಣುಗಳಲ್ಲಿ ಹೊರಟ ಕೊಂಬೆಯನ್ನು ಮೂರು ನಾಲ್ಕು ಬೆರಳಷ್ಟು ಬಿಟ್ಟು ಕಡಿದಿರುತ್ತಾರೆ, ಅದೇ ಮೆಟ್ಟಿಲು. ಪಾದ ಪೂರ್ತಿ ಊರಲು ಜಾಗವಿಲ್ಲ. ಹೆಬ್ಬೆರಳಿನ ಬುಡವನ್ನು ಆ ಮೋಟು ಕೊಂಬೆಯ ಮೇಲಿಟ್ಟು, ಹಿಮ್ಮಡಿಯನ್ನು ಕೆಳಕ್ಕೆ ಬಿಟ್ಟು, ಪಾದವನ್ನು ಮೇಲಕ್ಕೆ ಬಾಗಿಸಿ ನಿಲ್ಲಬೇಕು. ಸೊಂಟಕ್ಕೆ ಚೀಲ, ಒಂದು ಕೈ ಬಿದಿರಿಗೆ, ಒಂದು ಕೈ ಬಳ್ಳಿಗೆ. ಭಾರವೆಲ್ಲ ಪಾದದ ಗಂಟಿನ ಮೇಲೆ. ಅಲ್ಯೂಮಿನಿಯಂ ಏಣಿ ಬಂದಿದೆ, ಆದರೆ ಅದು ವಿದ್ಯುತ್ ತಂತಿಗೆ ತಗುಲಿ ಹೋದ ಜೀವಗಳ ನೆನಪಿರುವವರು ಇಂದಿಗೂ ಬಿದಿರನ್ನೇ ಹಿಡಿಯುತ್ತಾರೆ.

ಫೋಟೊ ತೋರಿಸಿ ವೈದ್ಯರನ್ನು ಕೇಳಿದೆ: "ಇವರ ಬಲಪಾದ ಹೀಗೆ ಮೇಲಕ್ಕೆ ಬಾಗುತ್ತದೆಯೇ?" ಅವರು ತಮ್ಮದೇ ಟಿಪ್ಪಣಿ ನೋಡಿ, "ಇಲ್ಲ, ಆ ದಿಕ್ಕಿನ ಚಲನೆ ಸೊನ್ನೆ" ಎಂದರು. "ಮುಂದೆ ಸುಧಾರಿಸಬಹುದೇ?" "ಕೀಲಿನ ಮೇಲ್ಮೈಯೇ ಹೋಗಿದೆ, ಸುಧಾರಿಸುವುದಿಲ್ಲ." ಇಡೀ ದೇಹಕ್ಕೆ ಶೇ. 14 ಎಂಬ ಮಾತಿಗೆ ಆ ಎರಡು ಉತ್ತರದಿಂದ ಬೇರೆಯೇ ಅರ್ಥ ಬಂತು.

ಆದಾಯಕ್ಕೆ ತೋಟದ ಲೆಕ್ಕ ಬರೆಯುವ ರೈಟರ್ ಅವರನ್ನು ಸಮನ್ಸ್ ಕಳಿಸಿ ಕರೆಸಿದೆವು. ಯಜಮಾನರು ಮೊದಲು ಹಿಂಜರಿದರು. ಚೆಕ್‌ರೋಲ್ ಕೋರ್ಟಿಗೆ ಹೋದರೆ ಇನ್ನೇನು ಎದ್ದೀತೋ ಎಂಬ ಭಯ ತೋಟದವರಿಗೆ ಇರುತ್ತದೆ. ಆದರೆ ರೈಟರ್ ಬಂದರು, ಪುಸ್ತಕ ತಂದರು. ಅದರಲ್ಲಿ ಏಣಿ ಕೆಲಸ ಮಾಡಿದ ದಿನದ ಮನೆಯಲ್ಲಿ 'ಏ' ಎಂದು ಬರೆಯುವುದು ಅವರ ರೂಢಿ, ದರ ಬೇರೆಯಾದ್ದರಿಂದ. ಅಪಘಾತಕ್ಕೆ ಮುಂಚಿನ ಹನ್ನೆರಡು ತಿಂಗಳಲ್ಲಿ ಅರ್ಜಿದಾರರು ದುಡಿದದ್ದು 276 ದಿನ. ಅದರಲ್ಲಿ 'ಏ' ಇದ್ದದ್ದು 126 ದಿನ, ದಿನಕ್ಕೆ 900ರಂತೆ 1,13,400. ಉಳಿದ 150 ದಿನ 320ರಂತೆ 48,000. ಒಟ್ಟು 1,61,400, ತಿಂಗಳಿಗೆ 13,450.

ಏಣಿಯಿಂದ ಬಂದದ್ದು ಒಟ್ಟು ದುಡಿಮೆಯ ಶೇ. 70. ಹಾಗಾದರೆ ಶೇ. 70 ನಷ್ಟ ಎಂದು ವಾದಿಸಬಹುದಿತ್ತು. ಕಚೇರಿಯ ಕಿರಿಯರು ನೂರಕ್ಕೆ ನೂರು ಕೇಳೋಣ ಎಂದರು, ಕೊಯ್ಯುವವರಿಗೆ ಕಾಲೇ ಹೋದ ಮೇಲೆ ಇನ್ನೇನು ಎಂದು. ನಾನು ಕೂತು ಇನ್ನೊಂದು ಲೆಕ್ಕ ಹಾಕಿದೆ. ಏಣಿ ಹತ್ತಲಾಗದಿದ್ದರೂ ಆ 126 ದಿನ ನೆಲದ ಕೆಲಸ ಮಾಡಬಹುದು ಎಂದಿಟ್ಟುಕೊಳ್ಳೋಣ. 276 ದಿನಕ್ಕೆ 320ರಂತೆ 88,320 ಬರುತ್ತದೆ. ಮೊದಲಿನ 1,61,400ರಲ್ಲಿ ಇದನ್ನು ಕಳೆದರೆ 73,080, ಅಂದರೆ ಶೇ. 45ಕ್ಕೆ ತುಸು ಹೆಚ್ಚು. ಎದುರಾಳಿಗೆ ಅತ್ಯಂತ ಅನುಕೂಲವಾದ ಊಹೆ ಮಾಡಿಕೊಂಡರೂ ನಷ್ಟ ಇದಕ್ಕಿಂತ ಇಳಿಯುವುದಿಲ್ಲ. ನಾವು ಕೇಳಿದ್ದು ಶೇ. 45. ನ್ಯಾಯಾಧೀಶರು ತಮ್ಮ ಪೆನ್ನಿನಿಂದಲೇ ಹಾಕಿ ನೋಡಬಹುದಾದ ಲೆಕ್ಕ ಅದು, ನಮ್ಮ ಮಾತನ್ನು ನಂಬಬೇಕಾಗಿಲ್ಲ.

ಪಾಟಿ ಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಅರ್ಜಿದಾರರನ್ನು ಕೇಳಿದರು: "ಏಣಿ ಹತ್ತದಿದ್ದರೇನು, ನೆಲದಲ್ಲಿ ನಿಂತು ಕಾಫಿ ಕೊಯ್ಯಬಹುದಲ್ಲ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಕೊಯ್ಯಬಹುದು ಸರ್, ಸಮತಟ್ಟು ಜಾಗದಲ್ಲಿ. ನಮ್ಮ ತೋಟದಲ್ಲಿ ಸಮತಟ್ಟು ಅಂದ್ರೆ ಕಣ ಒಂದೇ." ನಾನು ಅವರಿಗೆ ಹೇಳಿಕೊಟ್ಟ ಮಾತಲ್ಲ ಅದು.

ಅದಾಲತ್‌ನ ದಿನ

2021ರಲ್ಲಿ ಲೋಕ ಅದಾಲತ್‌ನಲ್ಲಿ ಕಾರಿನ ವಿಮಾ ಕಂಪನಿ 5 ಲಕ್ಷಕ್ಕೆ ರಾಜಿಗೆ ಬಂತು. ಮೇಸ್ತ್ರಿಯ ಸಾಲ ಹಾಗೇ ಇತ್ತು, ಹಿರಿಯ ಮಗಳ ಶಾಲೆ ಅರ್ಧಕ್ಕೆ ನಿಲ್ಲುವ ಹಂತದಲ್ಲಿತ್ತು. ರಾಜಿ ಬೇಡ ಎನ್ನುವುದು ವಕೀಲರಿಗೆ ಸುಲಭ, ಕಾಯುವವರು ಬೇರೆ. ನಾನು ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಓದಿ ಹೇಳಿದೆ. ಕಾರಿನ ತಪ್ಪಿಲ್ಲ ಎಂದಾದರೆ ಮೇಸ್ತ್ರಿಯ ಮೇಲೆ ಬರಿ ಕಾಗದದ ತೀರ್ಪು. ಶೇ. 14 ಎಂದು ಹಿಡಿದರೆ ಒಟ್ಟು 8, 9 ಲಕ್ಷ. ನಮ್ಮ ಲೆಕ್ಕ ಪೂರ್ತಿ ನಿಂತರೆ 20 ಲಕ್ಷದ ಆಚೆ, ಆದರೆ ಹೈಕೋರ್ಟ್‌ವರೆಗೆ ಹೋಗಬೇಕಾದೀತು. ತನಿಖಾಧಿಕಾರಿಯ ಹೇಳಿಕೆ ಅಷ್ಟರಲ್ಲಿ ಮುಗಿದಿದ್ದರಿಂದ ಮೊದಲ ಸಾಲಿನ ಭಯ ಕಡಿಮೆಯಾಗಿತ್ತು. ಅದಕ್ಕೂ ಮುಂಚೆ ಇದೇ ಮಾತು ಬಂದಿದ್ದರೆ ಒಪ್ಪಿಕೊಳ್ಳಿ ಎಂದೇ ಹೇಳುತ್ತಿದ್ದೆ.

ಅವರ ಹೆಂಡತಿ ಹೇಳಿದರು: "ಐದು ಲಕ್ಷದಲ್ಲಿ ಸಾಲ ಹೋಗಿ ಉಳಿದದ್ದು ಎಷ್ಟು ದಿನ ಬರುತ್ತೆ ಮೇಡಂ. ಇವರಿಗೆ ಇನ್ನೂ ಮೂವತ್ತೇಳೇ ವರ್ಷ." ಬೇಡ ಎಂದು ಎದ್ದು ಬಂದೆವು.

ತೀರ್ಪು ಮತ್ತು ಮೇಲ್ಮನವಿ

2021ರ ನವೆಂಬರ್‌ನಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕಾರಿನ ತಪ್ಪು ಶೇ. 70, ಪಿಕಪ್‌ನದು ಶೇ. 30, ಪೂರ್ತಿ ಹಣವನ್ನು ಕಾರಿನ ವಿಮಾ ಕಂಪನಿ ಮೊದಲು ಕಟ್ಟಬೇಕು. ಸರಕು ಗಾಡಿಯಲ್ಲಿ ಕೂತದ್ದೇ ಗಾಯಾಳುವಿನ ತಪ್ಪು ಎಂಬ ವಾದವನ್ನು ತಳ್ಳಿಹಾಕಿತು. ಕೂತದ್ದು ನಿಯಮಕ್ಕೆ ವಿರುದ್ಧ ಇರಬಹುದು, ಡಿಕ್ಕಿಗೆ ಕಾರಣ ಅದಲ್ಲ. ಆದಾಯ 13,500, ಸರಳಾ ವರ್ಮಾ ಪ್ರಕರಣದ ಪಟ್ಟಿಯಂತೆ 34ಕ್ಕೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 16. ಆದರೆ ಗಳಿಕೆಯ ನಷ್ಟವನ್ನು ಶೇ. 30 ಎಂದು ಹಿಡಿಯಿತು. ಏಕೆ 30 ಎಂಬುದಕ್ಕೆ ತೀರ್ಪಿನಲ್ಲಿ ಕಾರಣ ಇರಲಿಲ್ಲ. ಆ ಬಾಬ್ತಿಗೆ 7,77,600. ಆಸ್ಪತ್ರೆ ಬಿಲ್ಲು, ನೋವಿಗೆ 75,000, ಎಂಟು ತಿಂಗಳ ದುಡಿಮೆ ಹೋದದ್ದಕ್ಕೆ 1,08,000, ಓಡಾಟ ಮತ್ತು ಆರೈಕೆಗೆ 45,000, ಬದುಕಿನ ಸೌಖ್ಯ ಕಳೆದುಕೊಂಡದ್ದಕ್ಕೆ 60,000, ಮುಂದೆ ಪ್ಲೇಟು ತೆಗೆಸಲು 30,000. ಒಟ್ಟು 13,14,060, ಶೇ. 6 ಬಡ್ಡಿ.

ಎರಡೂ ಕಡೆಯವರು ಹೈಕೋರ್ಟಿಗೆ ಹೋದೆವು. ನಮ್ಮ ಮನವಿಯಲ್ಲಿ ಎರಡೇ ಅಂಶ ಇಟ್ಟೆವು. ಒಂದು, ಚೆಕ್‌ರೋಲ್‌ನ ಲೆಕ್ಕ. ಇನ್ನೊಂದು, ಆದಾಯ ಮುಂದೆ ಏರುತ್ತಿತ್ತು ಎಂಬುದಕ್ಕೆ ಸೇರಿಸಬೇಕಾದ ಪಾಲು. 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಖಾಯಂ ಉದ್ಯೋಗ ಇಲ್ಲದ, 40ರೊಳಗಿನವರಿಗೆ ಶೇ. 40 ಎಂದು ನಿಗದಿಯಾಗಿದೆ. ಅದು ಸಾವಿನ ಪ್ರಕರಣಗಳಿಗೆ ಮಾತ್ರ ಎಂದು ನ್ಯಾಯಮಂಡಳಿ ಬಿಟ್ಟಿತ್ತು. ಆದರೆ ಶಾಶ್ವತ ಊನವಾದ ಗಾಯಾಳುಗಳಿಗೂ ಅದು ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಪಪ್ಪು ದೇವ್ ಯಾದವ್ ಪ್ರಕರಣದಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ಹೇಳಿತ್ತು. ನೋವಿನ ಹಣ, ಆರೈಕೆಯ ಹಣ ಹೆಚ್ಚಿಸಿ ಎಂದು ಕೇಳುವುದನ್ನು ಬೇಕೆಂದೇ ಬಿಟ್ಟೆವು. ಎಂಟು ಬೇಡಿಕೆ ಇಟ್ಟರೆ ಎಂಟಕ್ಕೂ ಸ್ವಲ್ಪ ಸ್ವಲ್ಪ ಹಂಚಿ ಮುಗಿಸುವ ಸಾಧ್ಯತೆ ಇರುತ್ತದೆ.

2024ರ ಆರಂಭದಲ್ಲಿ ಆದೇಶ ಬಂತು. ಹೊಣೆಯ ತೀರ್ಮಾನ ಹಾಗೇ ಉಳಿಯಿತು. ಶೇ. 45 ಒಪ್ಪಿದರು, ಶೇ. 40 ಸೇರಿಸಿದರು. ಹಾಗೆ ಬಂದ 18,900ನ್ನು ಹನ್ನೆರಡರಿಂದ, ಹದಿನಾರರಿಂದ ಗುಣಿಸಿ ಅದರ ಶೇ. 45 ಎಂದರೆ 16,32,960. ಉಳಿದ ಬಾಬ್ತುಗಳು ಸೇರಿ 21,69,420. ಬಡ್ಡಿ ಕೂಡಿ 27 ಲಕ್ಷ ದಾಟಿತು. ಅರ್ಧ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕೆಂದು ಆದೇಶ, ಅದರ ಬಡ್ಡಿ ತಿಂಗಳು ತಿಂಗಳು ಬರುತ್ತದೆ.

ಇದೇ ಅಪಘಾತ ಈಗ ಆಗಿದ್ದರೆ ಕೆಲವು ಸಂಗತಿ ಬೇರೆ ಇರುತ್ತಿದ್ದವು. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಯಾಗಿ ಅರ್ಜಿ ಹಾಕಲು ಆರು ತಿಂಗಳ ಗಡುವು ಮತ್ತೆ ಬಂದಿದೆ. ತಪ್ಪು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೇ ಕಲಂ ಇದೆ. ಪೊಲೀಸರೇ ಅಪಘಾತದ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಆದರೆ ಆ ವರದಿಯ ನಕ್ಷೆಯಲ್ಲೂ ಮೂಟೆ ಬಿಟ್ಟುಹೋಗಬಹುದು. ಗಾಯಾಳುವಿನ ಮನೆಯವರಲ್ಲಿ ಯಾರಾದರೂ ಒಬ್ಬರು ಆ ದಿನವೇ ಸ್ಥಳಕ್ಕೆ ಹೋಗಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಲಿ ಎಂದು ನಾನು ಈಗ ಬಂದವರಿಗೆಲ್ಲ ಹೇಳುತ್ತೇನೆ.

ಕಳೆದ ಡಿಸೆಂಬರ್‌ನಲ್ಲಿ ಬೇರೆ ಕೆಲಸಕ್ಕೆ ಆ ತೋಟದ ಕಡೆ ಹೋಗಿದ್ದಾಗ ಕಣದಲ್ಲಿ ಅವರನ್ನು ಕಂಡೆ. ಸ್ಟೂಲಿನ ಮೇಲೆ ಕೂತು ಕಾಫಿ ಹಣ್ಣಿನ ಚೀಲ ತೂಗಿ ಬರೆಸುತ್ತಿದ್ದರು. ಮೇಸ್ತ್ರಿಯ ಸಾಲ ತೀರಿದೆ, ಮಗಳು ಕುಶಾಲನಗರದಲ್ಲಿ ಕಾಲೇಜಿಗೆ ಹೋಗುತ್ತಾಳೆ. ರೈಟರ್ ನನ್ನನ್ನು ನೋಡಿ ಹೊಸ ಚೆಕ್‌ರೋಲ್ ತೆರೆದು ಅವರ ಹೆಸರಿನ ಸಾಲು ತೋರಿಸಿದರು. ತಿಂಗಳಿಗೆ ಇಪ್ಪತ್ತಾರು ದಿನ ಹಾಜರಿ, ಎಲ್ಲಕ್ಕೂ ಒಂದೇ ದರ. ಆ ಸಾಲಿನಲ್ಲಿ ಎಲ್ಲೂ 'ಏ' ಇರಲಿಲ್ಲ.